ಶಾಲೆಯ ಲಿನಕ್ಸ್ ಮತ್ತು ನನ್ನ ಸಿಟ್ಟು

ಕಲಘಟಗಿ ತಾಲೂಕಿನ ಒಂದು ಹೈಸ್ಕೂಲಿನಲ್ಲಿ ನಾನು ಗಣಿತ ಕಲಿಸುತ್ತೇನೆ. ಕಂಪ್ಯೂಟರ್ ನೋಡಿಕೊಳ್ಳುವ ಕೆಲಸವೂ ನನ್ನ ಕೊರಳಿಗೇ ಬಿದ್ದಿದೆ. ಒಮ್ಮೆ ಪ್ರಿಂಟರಿನಲ್ಲಿ ಸಿಕ್ಕಿಕೊಂಡ ಕಾಗದ ಎಳೆದು ತೆಗೆದದ್ದೇ ನನ್ನ ತಪ್ಪು. ಅಂದಿನಿಂದ ಸಿಟ್ಟು ಬರದ ತಿಂಗಳಿಲ್ಲ. ಆದರೆ ಹೋದ ವರ್ಷ ಮೂರು ದಿನ ಬಂದಂಥ ಸಿಟ್ಟು ಹಿಂದೆಂದೂ ಬಂದಿರಲಿಲ್ಲ.

೧. ಫ್ಯಾನು

ನಮ್ಮ ಕಂಪ್ಯೂಟರನ್ನು ನಡೆಸುವುದು ಲಿನಕ್ಸ್ ಎಂಬ ತಂತ್ರಾಂಶ. ಅದು ಹಳೆಯದಾಯಿತು, ಹೊಸದಕ್ಕೆ ಬದಲಿಸಿಕೊಳ್ಳಿ ಎಂಬ ಸೂಚನೆ ದಿನಾ ಬರುತ್ತಿತ್ತು. ಒಂದು ಮಧ್ಯಾಹ್ನ ಅಪ್‌ಗ್ರೇಡ್ ಹಚ್ಚಿದೆ. "ಕಂಪ್ಯೂಟರ್ ಬಂದ್ ಮಾಡಬೇಡಿ" ಎಂದು ಹಾಳೆಯಲ್ಲಿ ದಪ್ಪಗೆ ಬರೆದು ಬಾಗಿಲಿಗೆ ಅಂಟಿಸಿ ಕ್ಲಾಸಿಗೆ ಹೋದೆ. ತಿರುಗಿ ಬಂದರೆ ಪರದೆ ಕಪ್ಪು. ನಮ್ಮ ಶಾಲೆಯ ಸಿಪಾಯಿ ಮೇನ್ ಸ್ವಿಚ್ ಬಂದ್ ಮಾಡಿದ್ದ.

"ಬಾಗಲಕ್ಕ ಬರದದ್ದು ಓದಲಿಲ್ಲೇನಪಾ?"

"ಓದೇನ್ರಿ ಮೇಡಂ. ಅದಕ್ಕ ಕಂಪ್ಯೂಟರ್ ಮುಟ್ಟೇ ಇಲ್ರಿ. ಬಲ್ಬ್ ಹಾಕೂದಿತ್ತು, ಮೇನ್ ಅಷ್ಟ ತಗದೇನಿ."

ಕರೆಂಟ್ ಹೋದರೂ ಕಂಪ್ಯೂಟರ್ ನಡೆಯಲೆಂದೇ ಯುಪಿಎಸ್ ತರಿಸಿದ್ದೆವು. ಅದೇನಾಯಿತೆಂದು ವೈರ್ ಹಿಡಿದುಕೊಂಡು ಹೋದೆ. ವೈರು ಕಿಟಕಿ ದಾಟಿ ಬಾಜೂ ಕೋಣೆಗೆ ಹೋಗಿತ್ತು. ಇಡೀ ಶಾಲೆಯಲ್ಲಿ ಕರೆಂಟಿಲ್ಲ, ಹೆಡ್‌ಮಾಸ್ತರರ ಟೇಬಲ್ ಫ್ಯಾನು ಮಾತ್ರ ಗರಗರ ತಿರುಗುತ್ತಿತ್ತು. ಅದರ ಮುಂದೆ ಕೂತು ಅವರು, "ಯಾಕ್ರಿ ಮೇಡಂ, ಇಷ್ಟ ಬೆವತೀರಿ?" ಅಂದರು.

೨. ಫೋನು

ಕರೆಂಟ್ ಬಂದ ಮೇಲೂ ಕಂಪ್ಯೂಟರ್ ಶುರುವಾಗಲಿಲ್ಲ, ಅಪ್‌ಗ್ರೇಡ್ ಅರ್ಧಕ್ಕೇ ನಿಂತಿತ್ತು. ಹತ್ತನೇ ಕ್ಲಾಸಿನ ಮಕ್ಕಳ ವರ್ಷದ ಆಂತರಿಕ ಅಂಕಗಳೆಲ್ಲ ಅದೇ ಕಂಪ್ಯೂಟರಿನಲ್ಲಿದ್ದವು. ಮೂರು ದಿನದೊಳಗೆ ಬೋರ್ಡಿಗೆ ಕಳಿಸಬೇಕಿತ್ತು. ಬೇರೆ ಕಡೆ ಪ್ರತಿ ಇಟ್ಟಿರಲಿಲ್ಲ. ಅದು ನನ್ನದೇ ತಪ್ಪು, ಹಾಗಾಗಿ ಸಿಟ್ಟು ಇನ್ನೂ ಜಾಸ್ತಿ. ಕಂಪ್ಯೂಟರ್ ಕೊಟ್ಟ ಅಂಗಡಿಯವನಿಗೆ ಫೋನ್ ಹಚ್ಚಿದೆ.

"ಆಫ್ ಮಾಡಿ ಆನ್ ಮಾಡ್ರಿ ಮೇಡಂ."

"ಆಫ್ ನಮ್ಮ ಸಿಪಾಯಿ ಮಾಡ್ಯಾನ್ರಿ. ಆನ್ ಆಗವಲ್ದು, ಅದಕ್ಕ ನಿಮಗ ಫೋನ್ ಮಾಡೇನಿ."

"ಹಂಗಾರ ಎಲ್ಲಾ ಅಳಿಸಿ ಹೊಸಾದು ಹಾಕೂಣ್ರಿ. ಫೈಲ್ ಹೋಗ್ತಾವ, ಆದರ ಕಂಪ್ಯೂಟರ್ ಅಗದಿ ಫಾಸ್ಟ್ ಆಗ್ತದ."

"ಹುಡುಗೂರ ಮಾರ್ಕ್ಸ್ ಅದಾವ್ರೀ ಅದರಾಗ!"

"ಶ್ಯಾಣ್ಯಾ ಹುಡುಗೂರಿದ್ರ ಮತ್ತ ತಗೋತಾರ ಬಿಡ್ರಿ."

೩. ಪಾಸ್‌ವರ್ಡ್

ಮೂರನೇ ದಿನ ನಾನೇ ಹಟ ಹಿಡಿದು ಕೂತೆ. ಕಂಪ್ಯೂಟರ್ ಶುರುವಾಗುವಾಗ ರಿಕವರಿ ಮೋಡ್ ಎಂಬ ದಾರಿ ಸಿಗುತ್ತದೆ, ಅಲ್ಲಿ ಆಜ್ಞೆ ಕೊಟ್ಟರೆ ಅರ್ಧಕ್ಕೆ ನಿಂತ ಅಪ್‌ಗ್ರೇಡ್ ಮುಂದುವರಿಯುತ್ತದೆ ಎಂದು ಮೊಬೈಲಿನಲ್ಲಿ ಓದಿದ್ದೆ. ಅಲ್ಲಿಗೆ ಹೋದರೆ ಪಾಸ್‌ವರ್ಡ್ ಕೇಳಿತು. ಅದನ್ನಿಟ್ಟವರು ನವಲಗುಂದಕ್ಕೆ ವರ್ಗವಾಗಿ ಹೋದ ವಿಜ್ಞಾನ ಮಾಸ್ತರು. ಅವರಿಗೆ ಫೋನ್ ಮಾಡಿದೆ.

"ಬಾಜೂಕ ಯಾರರ ಅದಾರೇನ್ರಿ?" ಅಂದರು.

"ಹೆಡ್‌ಮಾಸ್ತರ್ ಅದಾರ್ರಿ."

ಮಾಸ್ತರು ದನಿ ತಗ್ಗಿಸಿ, "ಒಮ್ಮೆ ರಜಾ ಕೊಡಲಿಲ್ಲಂತ ಸಿಟ್ಟಿಲೆ ಇಟ್ಟದ್ರಿ. ತಪ್ಪ ತಿಳೀಬ್ಯಾಡ್ರಿ" ಎಂದು ಹದಿನಾರು ಇಂಗ್ಲಿಷ್ ಅಕ್ಷರ ಒಂದೊಂದಾಗಿ ಹೇಳಿದರು. ಬರೆದುಕೊಂಡು ನೋಡಿದೆ: "ಹುಚ್ಚ ಹೆಡ್‌ಮಾಸ್ತರ್."

ಹೆಡ್‌ಮಾಸ್ತರು ರಜಿಸ್ಟರ್ ತೆರೆದರು. "ಜೋರಾಗಿ ಹೇಳ್ರಿ, ನಾನೂ ಬರಕೋತೇನಿ."

"ಆಮ್ಯಾಲೆ ನಾನ ಬರೀತೇನ್ರಿ ಸರ್."

"ಮೂರು ದಿನದಾಗ ನಿಮ್ಮ ಕೈಲೆ ಏನಾಗೇತಿ? ಹೇಳ್ರಿ ಸುಮ್ನ."

ಫ್ಯಾನಿಗೆ ಯುಪಿಎಸ್ ಒಯ್ದವರು ಈ ಮಾತಾಡಿದರೆ ಯಾರು ತಡೆದುಕೊಂಡಾರು? ಹದಿನಾರೂ ಅಕ್ಷರ ಗಂಟಲು ಬಿಚ್ಚಿ ಹೇಳಿದೆ. ಎಚ್, ಯು, ಸಿ, ಸಿ... ತಪ್ಪಾಗಬಾರದೆಂದು ಅವರು ನಂಬರು ಹಾಕಿ, ಒಂದರ ಕೆಳಗೊಂದು ಬರೆದರು.

ಯಂತ್ರ ಒಳಗೆ ಬಿಟ್ಟಿತು. ಆಜ್ಞೆ ಕೊಟ್ಟೆ. ಎರಡು ತಾಸು ಪರದೆಯ ಮೇಲೆ ಸಾಲುಗಳು ಓಡಿದವು. ಆಮೇಲೆ ಕಂಪ್ಯೂಟರ್ ಎಂದಿನಂತೆ ಶುರುವಾಯಿತು. ಮಕ್ಕಳ ಅಂಕಗಳೆಲ್ಲ ಹಾಗೇ ಇದ್ದವು. ಕೂತಲ್ಲೇ ಕಳಿಸಿದೆ.

ಹೆಡ್‌ಮಾಸ್ತರು ರಜಿಸ್ಟರಿನ ಮೇಲೆ ಬೆರಳಾಡಿಸುತ್ತ, "ಇದಕ್ಕೇನರ ಅರ್ಥ ಐತೇನ್ರಿ ಮೇಡಂ?" ಎಂದು ಕೇಳಿದರು.

"ಕಂಪ್ಯೂಟರ್ ಭಾಷಾರಿ ಸರ್."

ಅವರು ತಲೆದೂಗಿ ಆ ಹದಿನಾರು ಅಕ್ಷರಗಳ ಕೆಳಗೆ, "ಖುದ್ದಾಗಿ ಪರಿಶೀಲಿಸಿದ್ದೇನೆ, ಸರಿಯಾಗಿದೆ" ಎಂದು ಬರೆದು, ಸಹಿ ಮಾಡಿ, ಮುಖ್ಯೋಪಾಧ್ಯಾಯರ ಸಿಕ್ಕಾ ಒತ್ತಿದರು.