ಮ್ಯಾಚು ಮತ್ತು ಮಾವನವರ ಒಟಿಪಿ

ಕ್ರಿಕೆಟ್ ನೋಡಲು ಮೊದಲೆಲ್ಲ ಒಂದು ಟಿವಿ ಇದ್ದರೆ ಸಾಕಾಗಿತ್ತು. ಈಗ ಮಾವನೂ ಬೇಕು. ಕೇಳಿದವರು ನಗುತ್ತಾರೆ, ಆದರೆ ನನ್ನ ಕಷ್ಟ ನನಗೆ. ಉಣಕಲ್‌ನ ನಮ್ಮ ಮನೆಯಲ್ಲಿ ಕೇಬಲ್ ಇದೆ. ಅದರಲ್ಲಿ ಅಡುಗೆ, ಜ್ಯೋತಿಷ್ಯ, ಅತ್ತೆ-ಸೊಸೆ ಜಗಳ ಎಲ್ಲ ಬರುತ್ತವೆ, ಮ್ಯಾಚೊಂದು ಬಿಟ್ಟು. ಹೋದ ವರ್ಷ ಮ್ಯಾಚನ್ನು ಯಾವುದೋ ಆ್ಯಪ್‌ನವರು ಇಡಿಯಾಗಿ ಗುತ್ತಿಗೆ ಹಿಡಿದುಬಿಟ್ಟಿದ್ದರು. ಆ ಆ್ಯಪ್ ಶಿರಗುಪ್ಪಿಯ ನಮ್ಮ ಮಾವನವರಿಗೆ ಮೊಬೈಲ್ ರೀಚಾರ್ಜ್ ಜೊತೆ ಪುಕ್ಕಟೆ ಬಂತು. ಕ್ರಿಕೆಟ್ಟಿನ ಗಂಧಗಾಳಿ ಇಲ್ಲದ ಮನುಷ್ಯ. "ನನಗೇನ್ ಮಾಡೂದೈತ್ರಿ ಅದು, ನೀವ ನೋಡ್ರಿ" ಎಂದು ಧಾರಾಳವಾಗಿ ನನಗೆ ಕೊಟ್ಟರು.

ತೊಡಕು ಇರುವುದೇ ಇಲ್ಲಿ. ಆ ಆ್ಯಪ್ ಎರಡು ದಿನಕ್ಕೊಮ್ಮೆ ನನ್ನನ್ನು ಹೊರಗೆ ಹಾಕುತ್ತಿತ್ತು. ಮತ್ತೆ ಒಳಗೆ ಹೋಗಬೇಕಾದರೆ ಒಟಿಪಿ ಬೇಕು, ಒಟಿಪಿ ಹೋಗುವುದು ಮಾವನವರ ಫೋನಿಗೆ. ಅತ್ತ ಟಾಸ್ ಆಗುತ್ತಿರುವಾಗ ಇತ್ತ ನಾನು ಶಿರಗುಪ್ಪಿಗೆ ಫೋನ್ ಹಚ್ಚಬೇಕು. ಹಚ್ಚಿದ ಮೇಲೆ, ಹೆಣ್ಣು ಕೊಟ್ಟ ಮಾವನಿಗೆ "ನಂಬರ್ ಹೇಳ್ರಿ" ಎಂದು ನೇರ ಕೇಳಲು ಬರುತ್ತದೆಯೇ? ಆರಾಮ ಕೇಳಬೇಕು. ಮೊಣಕಾಲು ನೋವು ಕೇಳಬೇಕು. ಹೊಲದಲ್ಲಿ ಕಡಲೆ ಹೇಗಿದೆ ಕೇಳಬೇಕು. "ಅಳಿಯಾರ, ಈ ಸಲ ಹುಳದ್ದು ಭಾಳ ಕಾಟ ನೋಡ್ರಿ" ಎಂದು ಹುಳದ ಹಿಂದೆ ಹೋದವರು ತಿರುಗಿ ಬರುವಷ್ಟರಲ್ಲಿ ಒಟಿಪಿಯ ಅವಧಿ ಮುಗಿದಿರುತ್ತಿತ್ತು, ನಮ್ಮವರ ಎರಡು ವಿಕೆಟ್ಟೂ ಬಿದ್ದಿರುತ್ತಿದ್ದವು.

ಒಮ್ಮೆ ತಾಳ್ಮೆಗೆಟ್ಟು, "ಮಾವಾರ, ಮೊದಲ ನಂಬರ್ ಹೇಳಿಬಿಡ್ರಿ" ಎಂದುಬಿಟ್ಟೆ. ಪಾಪ, ನಂಬರಷ್ಟೇ ಹೇಳಿ ಫೋನ್ ಇಟ್ಟರು. ಹೆಂಡತಿ ಚಹಾದ ಕಪ್ಪನ್ನು ನನ್ನ ಮುಂದೆ ಕುಕ್ಕಿ, "ನಿಮಗ ನಮ್ಮಪ್ಪ ಬೇಕೋ, ಅವರ ನಂಬರ್ ಬೇಕೋ?" ಎಂದಳು. ಖರೇ ಹೇಳಬೇಕೆಂದರೆ ಆ ಹೊತ್ತಿಗೆ ನಂಬರೇ ಬೇಕಾಗಿತ್ತು, ಹೇಳುವ ಧೈರ್ಯ ಆಗಲಿಲ್ಲ.

ಈ ವರ್ಷ ಗುತ್ತಿಗೆ ಬೇರೊಂದು ಆ್ಯಪಿನ ಪಾಲಾಯಿತು. ಅದು ನನ್ನದೇ ರೀಚಾರ್ಜ್ ಜೊತೆ ಬಂತು. ಅಬ್ಬಾ! ಮೊದಲ ಎಸೆತದಿಂದಲೇ ಕಾಲು ಚಾಚಿ ನೋಡತೊಡಗಿದೆ. ಯಾರ ಮೊಣಕಾಲನ್ನೂ ವಿಚಾರಿಸುವ ಕೆಲಸವಿಲ್ಲ. ಹೀಗೇ ಒಂದು ರವಿವಾರ ಸಂಜೆ ಮ್ಯಾಚು ರಂಗೇರಿದ್ದಾಗ ಫೋನ್ ಬಂತು. ನೋಡಿದರೆ ಮಾವನವರು.

"ಅಳಿಯಾರ, ಮ್ಯಾಚ್ ಚಾಲೂ ಆಗೇತಂತಲ್ರಿ. ನಾ ಚಷ್ಮಾ ಹಾಕ್ಕೊಂಡು ಫೋನ್ ಹಿಡ್ಕೊಂಡ ಕುಂತೇನ್ರಿ, ನಂಬರ್ ಇನ್ನೂ ಬರವಲ್ದು. ಏನರ ಸಿಟ್ಟಾಗೀರೇನು?"

"ಇಲ್ರಿ ಮಾವಾರ, ಈಗ ಕಳಸಾಕತ್ತಿದ್ದೆ" ಎಂದು ಹಸಿ ಸುಳ್ಳು ಹೇಳಿ, ಟಿವಿಯಲ್ಲಿ ಮ್ಯಾಚು ಬಂದ್ ಮಾಡಿ, ಹಳೆಯ ಆ್ಯಪ್ ತೆರೆದು ಒಟಿಪಿ ಕಳಿಸಿದೆ. ಅವರು ಒಂದೊಂದೇ ಅಂಕಿ ಬಿಡಿಸಿ ಓದಿದರು. ಒಳಗೆ ಹೋಗಿ ನೋಡಿದರೆ ಯಾವುದೋ ದೇಶದವರು ಹಿಮದ ಮೇಲೆ ಜಾರುತ್ತಿದ್ದರು.

"ಹತ್ತಿತೇನ್ರಿ?"

"ಹತ್ತಿತ್ರಿ, ಛಲೋ ಕಾಣಾಕತ್ತೈತಿ" ಎಂದೆ. "ಹಂಗಾರ ನೋಡ್ರಿ, ಇಡ್ತೇನಿ" ಎಂದರು. "ಇಡಬ್ಯಾಡ್ರಿ, ಊರಾಗ ಏನ್ ಸುದ್ದಿ ಹೇಳ್ರಿ" ಎಂದು ನಾನೇ ತಡೆದು ಕೂತೆ. ಮ್ಯಾಚು ಯಾರು ಗೆದ್ದರೆಂಬುದನ್ನು ಮರುದಿನ ಪೇಪರಿನಲ್ಲಿ ಓದಿ ತಿಳಿದುಕೊಂಡೆ.