ಹರಕು ಚಾಪೆಯ ಫ್ಯಾಷನ್ನು

ತೆಲೇಸಿಯಾ: ಅದು ಹರಕಲು ಅಲ್ಲ, ಅಂಚು ಬಿಡಿಸಿದ್ದು! ಒಂದೊಂದೇ ಎಳೆ ಬಿಡಿಸೋಕೆ ಹನ್ನೊಂದು ದಿನ ಹಿಡೀತು ನಂಗೆ!

ಲೋಪೆತಿ: ಹನ್ನೊಂದು ದಿನ ಯಾಕೆ ಕಣ್ಣು ಹಾಳು ಮಾಡ್ಕೊಂಡೆ? ನಮ್ಮನೆ ಹಂದಿಗೂಡಲ್ಲಿ ಹಾಸಿದ್ರೆ ಮಧ್ಯಾಹ್ನದೊಳಗೆ ಬಿಡಿಸಿ ಕೊಡ್ತಿದ್ವು.

ತೆಲೇಸಿಯಾ: ನಿಮ್ಮನೆ ಹಂದಿಗಳಿಗೆ ನಿನಗಿಂತ ಜಾಸ್ತಿ ಅಭಿರುಚಿ ಇದೆ, ಗೊತ್ತು.

ಲೋಪೆತಿ: ಅಭಿರುಚಿ ಮನೆ ಹಾಳಾಗ್ಲಿ ಕಣೇ! ಟೋಂಗಾದಲ್ಲಿ ಎದೆವರೆಗೂ ಬರೋ ಹರಕು ಚಾಪೆ ಸುತ್ಕೊಂಡು ಟಿ.ವಿ.ಲಿ ಕೂತ್ರೆ ಜನ ಏನಂತಾರೆ? ‘ಆಹಾ, ಫ್ಯಾಷನ್ನು’ ಅಂತಾರಾ, ‘ಅಯ್ಯೋ, ಯಾರು ಹೋದ್ರು’ ಅಂತಾರಾ?

ಟೋಂಗಾದಲ್ಲಿ ಸೊಂಟಕ್ಕೆ ಚಾಪೆ ಸುತ್ತದೆ ಮರ್ಯಾದಸ್ಥರು ನಾಲ್ಕು ಜನರ ಮುಂದೆ ಬರುವುದಿಲ್ಲ; ನವಿರಾದದ್ದು ಶುಭಕ್ಕೆ, ಹರಕಲು ಸಾವಿಗೆ. ರಾಜಧಾನಿ ನುಕುಅಲೋಫಾದ ಪುಟ್ಟ ಟಿ.ವಿ. ಕೇಂದ್ರದ ಉಡುಪಿನ ಕೋಣೆಯಲ್ಲಿ ಇಬ್ಬರು ನಿಂತರೆ ಮೂರನೆಯವರು ಬಾಗಿಲಲ್ಲೇ ನಿಲ್ಲಬೇಕು. ಶುಕ್ರವಾರ ಸಂಜೆ ಐದರ ‘ಹೊಸ ಉಡುಗೆ’ ಕಾರ್ಯಕ್ರಮ ಆಗಷ್ಟೇ ಮುಗಿದಿತ್ತು. ಅದನ್ನು ನಡೆಸಿಕೊಡುವವನು ಲೋಪೆತಿ. ಅವನಿಗೆ ಉಡಿಸುವವಳು ತೆಲೇಸಿಯಾ. ಎರಡು ವರ್ಷದಿಂದ ಇಬ್ಬರೂ ಗುಂಡಿಗೆ, ದಾರಕ್ಕೆ, ಸೂಜಿಯ ಮೊನೆಗೆಲ್ಲ ಜಗಳವಾಡಿಕೊಂಡೇ ಕೆಲಸ ಮಾಡುತ್ತಿದ್ದರು. ಇವರಿಬ್ಬರನ್ನು ಒಂದೇ ದೋಣಿಯಲ್ಲಿ ಕೂರಿಸಿದರೆ ದೋಣಿ ಮುಳುಗುತ್ತದೆಂದು ಕೇಂದ್ರದವರೆಲ್ಲ ನಂಬಿದ್ದರು. ಭಾನುವಾರ ಇಗರ್ಜಿ ಮುಗಿದ ಮೇಲೆ ಇಬ್ಬರೂ ಒಟ್ಟಿಗೆ ಲೋಪೆತಿಯ ಸೋದರತ್ತೆ ಲೂಸೆಯಾನೆಯ ಮನೆಗೆ ಹೋಗಿ ಮದುವೆಗೆ ಒಪ್ಪಿಗೆ ಕೇಳುವವರಿದ್ದಾರೆ ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಅಪ್ಪನ ಅಕ್ಕ ಹೂಂ ಅಂದರೆ ಮದುವೆ, ಉಹೂಂ ಅಂದರೆ ಇಲ್ಲ. ಅದರ ಮೇಲೆ ಅರ್ಜಿ ಹಾಕಲು ಆ ಮನೆತನದಲ್ಲಿ ಇನ್ನೊಬ್ಬರಿಲ್ಲ.

ತೆಲೇಸಿಯಾ: ಸಾವಿನ ಚಾಪೆಗೆ ಯಾರಾದ್ರೂ ಕಿತ್ತಳೆ ಬಣ್ಣದ ಲೇಸು ಹೊಲೀತಾರೇನೋ? ಅಂಚಿಗೆ ಸುತ್ತಲೂ ಲೇಸು ಇಟ್ಟಿದೀನಿ. ಕುರುಡರಿಗೂ ಕಾಣತ್ತೆ!

ಲೋಪೆತಿ: ಲೇಸು... ಹೂಂ. ಲೇಸು.

ತೆಲೇಸಿಯಾ: ಏನು ಲೇಸು?

ಲೋಪೆತಿ: ಅದು ಎದೆಗೆ ಚುಚ್ಚುತಾ ಇತ್ತು. ಒಳಕ್ಕೆ ಮಡಚಿದೆ.

ತೆಲೇಸಿಯಾ ಬಾಯಲ್ಲಿ ಕಚ್ಚಿಕೊಂಡಿದ್ದ ಮೂರು ಪಿನ್ನುಗಳನ್ನು ಒಂದೊಂದಾಗಿ ತೆಗೆದು ಮೇಜಿನ ಮೇಲಿಟ್ಟಳು. ಪಿನ್ನು ಬಾಯಲ್ಲಿದ್ದರೆ ಪೂರ್ತಿ ಬೈಯಲು ಆಗುವುದಿಲ್ಲ.

ತೆಲೇಸಿಯಾ: ಮಡಚಿದೆ! ಅದೊಂದೇ ಅಲ್ವೇನೋ ಇದು ಸಾವಿನ ಚಾಪೆ ಅಲ್ಲ ಅಂತ ಹೇಳ್ತಿದ್ದಿದ್ದು! ಅಷ್ಟೂ ಸಾಲ್ದು ಅಂತ ನಡುವೆ ಕಣ್ಣೀರು ಬೇರೆ ಹಾಕ್ದೆ!

ಲೋಪೆತಿ: ಅಳ್ಲಿಲ್ಲ ಕಣೇ, ನೀರು ಬಂತು. ನೀನು ಕೇದಗೆ ಎಲೆಗೆ ಹಚ್ಚಿದ ಕಪ್ಪು ಬಣ್ಣದ ವಾಸನೆ ಕಣ್ಣಿಗೆ ಹತ್ತಿತು.

ತೆಲೇಸಿಯಾ: ‘ಮುಂದಿನ ವಾರ ನಾನು ಬರೋದಿಲ್ಲ, ದಯವಿಟ್ಟು ಕ್ಷಮಿಸಿ’ ಅಂತ ಬಿಕ್ಕಳಿಸಿದೆಯಲ್ಲ, ಅದೂ ಬಣ್ಣದ ವಾಸನೇನಾ?

ಲೋಪೆತಿ: ರಜಾ ಹಾಕಿದೀನಲ್ಲ! ಅತ್ತೆ ಒಪ್ಪಿದ್ರೆ ನಿಮ್ಮೂರಿಗೆ ಹೋಗಿ ನಿಮ್ಮಪ್ಪನ ಹತ್ರ ಮಾತಾಡೋಕೇ ಅಲ್ವಾ ರಜಾ ಹಾಕಿದ್ದು?

ತೆಲೇಸಿಯಾ ಕರವಸ್ತ್ರ ಒದ್ದೆ ಮಾಡಿ ಕೊಟ್ಟಳು. ಅವನು ಬೆಳಗಿನಿಂದ ಏನೂ ತಿಂದಿಲ್ಲವೆಂದು ನೆನಪಾಗಿ, ಚೀಲದಿಂದ ಬೇಯಿಸಿದ ಕೆಸುವಿನ ಗೆಡ್ಡೆಯ ತುಂಡನ್ನೂ ಕೈಗಿಟ್ಟಳು. ಅವನು ಒಂದು ಕಣ್ಣು ಒರೆಸಿಕೊಳ್ಳುತ್ತ ಗೆಡ್ಡೆ ಕಚ್ಚುವಷ್ಟರಲ್ಲಿ ಕೇಂದ್ರದ ಮುಖ್ಯಸ್ಥ ಹವೇಯಾ ಬಾಗಿಲಲ್ಲಿ ನಿಂತಿದ್ದರು. ಅರ್ಧ ಗಂಟೆ ಹಿಂದೆ ಹೂವಿನ ಅಂಗಿ ತೊಟ್ಟಿದ್ದವರು ಈಗ ತಲೆಯಿಂದ ಕಾಲವರೆಗೆ ಕಪ್ಪು.

ಹವೇಯಾ: ತಿನ್ನಪ್ಪಾ, ತಿನ್ನು. ಹೋದೋರ ಜೊತೆ ನಾವೂ ಹೋಗಕ್ಕಾಗತ್ತಾ?

ಲೋಪೆತಿ: ಸಾರ್, ಯಾರೂ ಹೋಗಿಲ್ಲ.

ಹವೇಯಾ: ಮೊದಮೊದಲು ಹಾಗೇ ಅನ್ಸತ್ತೆ. ನಮ್ಮಪ್ಪ ಹೋದಾಗ ನಾನೂ ಮೂರು ದಿನ ನಂಬಿರ್ಲಿಲ್ಲ.

ತೆಲೇಸಿಯಾ: ಸಾರ್, ಇದು ಫ್ಯಾಷನ್ನು. ನಾನು ಮಾಡಿದ್ದು.

ಹವೇಯಾ: ನೀನು ಸುಮ್ನಿರಮ್ಮ. ದಿನಾ ಅವನ ಜೊತೆ ಕಿತ್ತಾಡ್ತೀಯ, ಇವತ್ತೊಂದು ದಿನ ಬಿಡು. ಪಕ್ಕದ ಕೋಣೆ ರೇಡಿಯೋದೋರಿಗೆ ಹೇಳಿ ಸುದ್ದಿ ಓದಿಸ್ಬಿಟ್ಟಿದೀನಿ.

ಲೋಪೆತಿ: ಏನು ಸುದ್ದಿ?

ಹವೇಯಾ: ‘ಲೋಪೆತಿಯವರ ಕುಟುಂಬದಲ್ಲಿ ಸಾವು ಸಂಭವಿಸಿದೆ, ಹೆಸರನ್ನು ನಂತರ ತಿಳಿಸಲಾಗುವುದು.’

ತೆಲೇಸಿಯಾ: ಹೆಸರೇ ಗೊತ್ತಿಲ್ದೆ ಸಾವು ಓದಿಸಿದ್ರಾ?

ಹವೇಯಾ: ಹೆಸರು ಯಾಕಮ್ಮ ಬೇಕು? ಚಾಪೆ ನೋಡಿದ್ರೆ ಗೊತ್ತಾಗಲ್ವಾ? ಹೋದೋರು ನಮಗಿಂತ ಎಷ್ಟು ಮೇಲಿನೋರೋ ಚಾಪೆ ಅಷ್ಟು ದೊಡ್ಡದು, ಅಷ್ಟು ಹರಕು. ಇವನಿಗೆ ಎದೆವರೆಗೂ ಬಂದಿದೆ. ಅಪ್ಪ ಹೋಗಿ ಏಳು ವರ್ಷ ಆಯ್ತು. ಇನ್ನು ಉಳಿದಿರೋರು...

ಹವೇಯಾ ದೊಡ್ಡವರ ಹೆಸರನ್ನು ಹೇಳಲು ಮನಸ್ಸಾಗದೆ ತಲೆ ತಗ್ಗಿಸಿದರು. ಲೋಪೆತಿಯ ಕೈಯಲ್ಲಿದ್ದ ಗೆಡ್ಡೆ ಅಲ್ಲೇ ನಿಂತಿತು.

ಲೋಪೆತಿ: ತೆಲೇಸಿಯಾ. ನೀನು ನಮ್ಮತ್ತೇನ ಸಾಯಿಸಿದೀಯ.

ತೆಲೇಸಿಯಾ: ನಾನಾ? ಲೇಸು ಮಡಚಿದ್ದು ಯಾರು?

ಲೋಪೆತಿ: ಭಾನುವಾರ ಯಾವ ಮುಖ ಇಟ್ಕೊಂಡು ಅವರ ಮುಂದೆ ಕೂತ್ಕೊಳ್ಳೋದು? ‘ಅತ್ತೆ, ಶುಕ್ರವಾರ ನಿಮ್ಮನ್ನ ಮಣ್ಣು ಮಾಡಿದೋಳು ಇವಳೇ, ಇವಳನ್ನೇ ಕಟ್ಕೋತೀನಿ’ ಅಂತ ಹೇಳ್ಲಾ?

ಹವೇಯಾ: ಯಾರನ್ನ ಕಟ್ಕೋತೀಯ?

ಇಬ್ಬರೂ: ಯಾರನ್ನೂ ಇಲ್ಲ ಸಾರ್!

ಕಿಟಕಿಯಾಚೆ ಲಾರಿಯೊಂದು ನಿಂತ ಸದ್ದಾಯಿತು. ತೆಲೇಸಿಯಾ ಇಣುಕಿದಳು. ಲೋಪೆತಿಯ ದೊಡ್ಡಪ್ಪನ ಮಗ ಮತ್ತವನ ಜೊತೆಯವರು ಸಾವಿನ ಮನೆಗೆ ಕೊಡುವ ಕಾಣಿಕೆಯೆಂದು, ಯಾವುದೋ ಔತಣಕ್ಕೆ ಸುಟ್ಟಿದ್ದ ಹಂದಿಗಳನ್ನೇ ಬಾಳೆಎಲೆಯಲ್ಲಿಟ್ಟು ಇಳಿಸುತ್ತಿದ್ದರು. ಅದರ ಹಿಂದೆ ಇಗರ್ಜಿಯ ಹಾಡುವ ಮೇಳದವರ ವ್ಯಾನು. ಮೇಳದವರು ಇಳಿಯುತ್ತಲೇ ಸ್ವರ ಹಿಡಿದರು, ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಹಾಡು ನಿಂತಿತು. ಯಾರೋ ಕಿಟಾರನೆ ಕಿರುಚಿದರು. ಹಂದಿ ಹೊತ್ತಿದ್ದವರಿಬ್ಬರು ಹಂದಿಯನ್ನು ನೆಲಕ್ಕೆ ಹಾಕಿ ಸಮುದ್ರದ ಕಡೆಗೆ ಓಡಿದರು.

ಒಂದು ನಿಮಿಷದಲ್ಲಿ ಉಡುಪಿನ ಕೋಣೆಯ ಬಾಗಿಲಲ್ಲಿ ಲೂಸೆಯಾನೆ ಅತ್ತೆ ನಿಂತಿದ್ದರು. ಕಪ್ಪು ಬಟ್ಟೆ, ಸೊಂಟಕ್ಕೆ ಚಾಪೆ, ಕೈಯಲ್ಲಿ ಕರವಸ್ತ್ರ, ಅತ್ತು ಕೆಂಪಾದ ಕಣ್ಣು.

ಅತ್ತೆ: ಯಾರು ಕಣೋ ಹೋಗಿದ್ದು?

ಹವೇಯಾ ಗೋಡೆಗೆ ಒತ್ತಿಕೊಂಡು ಅವರಿಗೆ ದಾರಿ ಬಿಟ್ಟರು.

ಅತ್ತೆ: ನನ್ನ ತಮ್ಮನ ಮಗ ಎದೆಮಟ್ಟ ಚಾಪೆ ಸುತ್ಕೊಂಡು ಟಿ.ವಿ.ಲಿ ಅಳ್ತಾನೆ, ನನಗೊಂದು ಮಾತು ಹೇಳಿಲ್ಲ! ಊರಿಗೆಲ್ಲ ಗೊತ್ತು, ರೇಡಿಯೋಗೆ ಗೊತ್ತು, ಲಾರಿ ತುಂಬ ಹಂದಿ ಬಂದಿದೆ. ಮನೆಗೆ ಹಿರಿಯಳು ನಾನು, ಯಾರಿಗೆ ಅಳ್ಬೇಕು ಅಂತ ಗೊತ್ತಿಲ್ದೆ ದಾರಿಯುದ್ದಕ್ಕೂ ಸುಮ್ನೆ ಅತ್ಕೊಂಡು ಬಂದೆ!

ಹವೇಯಾ: ಅಮ್ಮಾ... ಬಹಳ ದುಃಖದ ಸಂಗತಿ.

ಅತ್ತೆ: ಅದು ಗೊತ್ತು. ಯಾರು ಅಂತ ಹೇಳಿ.

ಹವೇಯಾ: ತಾವೇ, ಅಮ್ಮ.

ಅತ್ತೆ ಕರವಸ್ತ್ರ ಇಳಿಸಿದರು. ಲೋಪೆತಿಯ ಚಾಪೆಯನ್ನು ಮೇಲಿಂದ ಕೆಳಕ್ಕೆ ನೋಡಿದರು. ಬೆರಳು ಮಡಚುತ್ತ ಮನಸ್ಸಿನಲ್ಲೇ ಆಗಲೇ ತೀರಿಹೋದ ಹಿರಿಯರನ್ನೆಲ್ಲ ಎಣಿಸಿದರು. ಕೊನೆಗೆ ಮಡಚದೆ ಉಳಿದದ್ದು ಒಂದೇ ಬೆರಳು.

ಅತ್ತೆ: ಹೌದಲ್ಲ. ನಾನೇ.

ಲೋಪೆತಿ: ಅತ್ತೆ, ಕಾಲಿಗೆ ಬೀಳ್ತೀನಿ, ಇದು...

ಅತ್ತೆ: ನಿಲ್ಲು. ಆ ಹಂದಿ ತಂದೋನು ನಿನ್ನ ದೊಡ್ಡಪ್ಪನ ಮಗ ಅಲ್ವಾ?

ಲೋಪೆತಿ: ಹೂಂ, ಅತ್ತೆ.

ಅತ್ತೆ: ಅವನ ಎಂಟು ಮಕ್ಕಳನ್ನ ಹೆರಿಗೆ ಕೋಣೆಯಿಂದ ಎತ್ಕೊಂಡು ಬಂದೋಳು ನಾನು. ನನ್ನ ಸಾವಿಗೆ ಬೆಕ್ಕಿನಷ್ಟು ಹಂದಿ ತಂದಿದಾನೆ!

ತೆಲೇಸಿಯಾಗೆ ನಗು ಬಂತು. ಕೆಮ್ಮಿದಳು. ಅತ್ತೆಯ ದೃಷ್ಟಿ ಅವಳತ್ತ ತಿರುಗಿತು.

ಅತ್ತೆ: ಈ ಚಾಪೆ ಯಾರ ಕೈಕೆಲಸ?

ಲೋಪೆತಿ: ನಂದೇ ತಪ್ಪು ಅತ್ತೆ. ಅಂಚಿಗೆ ಚೆನ್ನಾಗಿ ಲೇಸು ಇಟ್ಟಿದ್ಲು, ನಾನೇ ಒಳಕ್ಕೆ ಮಡಚಿದೆ.

ತೆಲೇಸಿಯಾ: ಇಲ್ಲಮ್ಮ, ತಪ್ಪು ನಂದು. ಲೇಸು ಚುಚ್ಚತ್ತೆ ಅಂತ ನಾನು ನೋಡ್ಬೇಕಿತ್ತು.

ಲೋಪೆತಿ: ಚುಚ್ತಾ ಇರ್ಲಿಲ್ಲ! ಮೆತ್ತಗಿತ್ತು!

ತೆಲೇಸಿಯಾ: ಈಗ ತಾನೇ ಚುಚ್ಚತ್ತೆ ಅಂದ್ಯಲ್ಲೋ! ಎದೆ ಕೆಂಪಾಗಿದೆ, ನೋಡಿಮ್ಮಾ. ನಾನೇ ಕೆಟ್ಟದಾಗಿ ಹೊಲೆದಿದ್ದು.

ಲೋಪೆತಿ: ನೀನು ಕೆಟ್ಟದಾಗಿ ಹೊಲೆಯೋದಾ? ಈ ಊರಲ್ಲಿ ನಿನ್ನಷ್ಟು ಚೆನ್ನಾಗಿ ಹೊಲೆಯೋರು ಯಾರಿದಾರೆ, ಹೇಳು ನೋಡೋಣ!

ತೆಲೇಸಿಯಾ: ನಾನು ಹೇಳಿದ್ದೆಲ್ಲ ಉಟ್ಕೊಂಡು ಕೂತ್ಕೋತೀಯಲ್ಲ, ಅಂಥ ಗಂಡಸು ಯಾರಿದಾರೆ, ಮೊದಲು ಅದನ್ನ ಹೇಳು!

ಹವೇಯಾ ಬಾಯಿ ತೆರೆದವರು ತೆರೆದೇ ಇದ್ದರು. ಎರಡು ವರ್ಷದಲ್ಲಿ ಇವರಿಬ್ಬರು ಹೀಗೆ ಬೈದಾಡಿದ್ದನ್ನು ಅವರು ಕೇಳಿರಲಿಲ್ಲ. ಅತ್ತೆ ಮಾತ್ರ ಮೂಲೆಯ ಕುರ್ಚಿಯಲ್ಲಿ ನಿಧಾನವಾಗಿ ಕುಳಿತರು. ತನ್ನ ಸಾವಿಗಿಂತ ಸ್ವಾರಸ್ಯದ್ದು ಈ ಕೋಣೆಯಲ್ಲಿ ಇನ್ನೇನೋ ಇದೆಯೆಂದು ಅವರಿಗೆ ಅನ್ನಿಸಿದಂತಿತ್ತು.

ಹವೇಯಾ: ಅಮ್ಮಾ, ಕ್ಷಮಿಸಿ. ಆರು ಗಂಟೆ ವಾರ್ತೆಗೆ ಮುಂಚೆ ಇವನು ಹೋಗಿ ‘ಯಾರೂ ತೀರಿಕೊಂಡಿಲ್ಲ’ ಅಂತ ಹೇಳ್ಬೇಕು. ಇಲ್ದಿದ್ರೆ ದ್ವೀಪದ ಹಂದಿಗಳೆಲ್ಲ ಇಲ್ಲಿಗೇ ಬರ್ತವೆ.

ಅತ್ತೆ: ಇದೇ ಚಾಪೇಲಾ? ಬಾಯಿ ಒಂದು ಹೇಳತ್ತೆ, ಚಾಪೆ ಒಂದು ಹೇಳತ್ತೆ. ಜನ ಚಾಪೇನ ನಂಬ್ತಾರೆ.

ಲೋಪೆತಿ: ಬಿಚ್ಚಿಬಿಟ್ಟು ಹೋಗ್ತೀನಿ.

ಅತ್ತೆ: ಬರೀ ಸೊಂಟದಲ್ಲಿ ರಾಜ್ಯದ ಮುಂದೆ ಕೂತ್ಕೋತೀಯಾ? ಆಗ ನಿಜವಾಗ್ಲೂ ಸಾಯ್ತೀನಿ ನಾನು. ಬೇರೆ ಚಾಪೆ ಇಲ್ವೇನಮ್ಮ ಇಲ್ಲಿ?

ತೆಲೇಸಿಯಾ: ಇಲ್ಲಮ್ಮ. ಎಲ್ಲ ಒಗೆಯಕ್ಕೆ... ಅಲ್ಲ, ಬಿಸಿಲಿಗೆ... ಇಲ್ಲ.

ಅವಳು ಮಾತಾಡುತ್ತಲೇ ಬೀರುವಿಗೆ ಬೆನ್ನು ಕೊಟ್ಟು ನಿಂತಳು. ಅತ್ತೆ ಕುರ್ಚಿಯಿಂದೆದ್ದು, ಅವಳ ಭುಜ ಹಿಡಿದು ಬಾಗಿಲು ಸರಿಸುವಂತೆ ಪಕ್ಕಕ್ಕೆ ಸರಿಸಿದರು. ಬೀರು ತೆಗೆದರು. ಒಳಗೆ ಬಿಳಿ ಬಟ್ಟೆಯಲ್ಲಿ ಸುತ್ತಿಟ್ಟದ್ದನ್ನು ತಂದು ಮೇಜಿನ ಮೇಲೆ ಬಿಚ್ಚಿದರು. ರೇಷ್ಮೆಯಷ್ಟು ನವಿರಾದ ಚಾಪೆ. ಅಂಚಿನ ಸಾಲಿಗೆ ಕೆಂಪು ಗರಿ.

ಹವೇಯಾ: ಅಯ್ಯೋ, ಇದು ಮದುಮಗನ ಚಾಪೆ!

ತೆಲೇಸಿಯಾ: ಮುಂದಿನ ತಿಂಗಳ ಕಾರ್ಯಕ್ರಮಕ್ಕೆ ಸಾರ್. ಮದುವೆ ಉಡುಗೆ ವಿಶೇಷ.

ಲೋಪೆತಿ: ನಮ್ಮದು, ಅತ್ತೆ.

ತೆಲೇಸಿಯಾ: ಲೋಪೆತಿ!

ಲೋಪೆತಿ: ಇನ್ನೆಷ್ಟು ಸುಳ್ಳು ಹೇಳ್ತೀಯೇ? ಭಾನುವಾರ ನಿಮ್ಮ ಹತ್ರ ಬರೋಣ ಅಂತಿದ್ವಿ ಅತ್ತೆ. ನೀವು ಬೇಡ ಅಂದ್ರೆ ಬೇಡ. ಆದ್ರೆ ಇವತ್ತು ನಿಮ್ಮನ್ನ ಸಾಯಿಸಿದ್ವಿ ಅಂತ ಬೇಡ ಅನ್ಬೇಡಿ.

ತೆಲೇಸಿಯಾ ಅತ್ತೆಯ ಮುಖ ನೋಡಲಾರದೆ ಅವರ ಬೆರಳುಗಳನ್ನೇ ನೋಡುತ್ತಿದ್ದಳು. ಎಪ್ಪತ್ತು ವರ್ಷ ಎಲೆ ಸೀಳಿ, ಒಣಗಿಸಿ, ನೇಯ್ದ ಬೆರಳುಗಳು. ಅವು ಚಾಪೆಯ ಒಂದೊಂದು ಸಾಲಿನ ಮೇಲೂ ನಡೆದವು. ಮೂಲೆಯಲ್ಲಿ ನಿಂತು ಉಗುರಿನಿಂದ ಒಂದು ಎಳೆಯನ್ನು ಎತ್ತಲು ನೋಡಿದವು. ಎಳೆ ಮೇಲೇಳಲಿಲ್ಲ.

ಅತ್ತೆ: ಯಾರು ನೇಯ್ದಿದ್ದು?

ತೆಲೇಸಿಯಾ: ನಾನೇ ಅಮ್ಮ. ಎಂಟು ತಿಂಗಳಾಯ್ತು.

ಅತ್ತೆ: ಎಂಟು ತಿಂಗಳಿಂದ ಇವನ ಜೊತೆ ಜಗಳ ಆಡ್ತಾನೇ ನೇಯ್ದೆಯಾ?

ತೆಲೇಸಿಯಾ: ಜಗಳ ಹಗಲು ಹೊತ್ತು ಅಮ್ಮ, ನೇಯ್ಗೆ ಮನೇಲಿ.

ಅತ್ತೆ: ಇದರ ಅಂಚನ್ನ ಮಾತ್ರ ಯಾಕೆ ಬಿಡಿಸ್ಲಿಲ್ಲ? ಅದು ಫ್ಯಾಷನ್ನು ಅಲ್ವಾ?

ತೆಲೇಸಿಯಾ: ಇದಕ್ಕೆ ಕೈ ಬರ್ಲಿಲ್ಲ.

ಅತ್ತೆ ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಚಾಪೆಯನ್ನೆತ್ತಿ ತೆಲೇಸಿಯಾಳ ತೋಳಿಗೆ ಹಾಕಿದರು.

ಅತ್ತೆ: ಸುತ್ತು ಅವನಿಗೆ. ಬೇಗ.

ಹವೇಯಾ: ಅಮ್ಮಾ, ಇದನ್ನ ಸುತ್ಕೊಂಡು ಹೋದ್ರೆ ಊರೆಲ್ಲ ಇವನ ಮದುವೆ ಅಂದ್ಕೊಳ್ಳತ್ತೆ!

ಅತ್ತೆ: ಅಂದ್ಕೊಳ್ಳಲಿ. ಸುಟ್ಟ ಹಂದಿಗಳನ್ನ ಮತ್ತೆ ಗೂಡಿಗೆ ಅಟ್ಟಕ್ಕಾಗತ್ತಾ? ನೀವು ಹೋಗಿ ಆ ಮೇಳದೋರಿಗೆ ಬೇರೆ ಹಾಡು ಹೇಳಿ. ಮೊದಲನೇ ಸ್ವರವೇ ತಪ್ಪು ಹಿಡಿದಿದ್ರು. ನನ್ನ ಸಾವಿಗೆ ಅಂತ ಗೊತ್ತಿದ್ದೂ!

ಹವೇಯಾ ಓಡಿದರು. ತೆಲೇಸಿಯಾ ಲೋಪೆತಿಗೆ ಚಾಪೆ ಸುತ್ತಿ ನಾರಿನ ಹುರಿ ಬಿಗಿದಳು.

ಲೋಪೆತಿ: ಬಿಗಿ ಆಯ್ತು.

ತೆಲೇಸಿಯಾ: ಹೊಟ್ಟೆ ಒಳಗೆ ಎಳ್ಕೋ.

ಲೋಪೆತಿ: ಎಳ್ಕೊಂಡೇ ಇದೀನಿ!

ತೆಲೇಸಿಯಾ: ಹಾಗಾದ್ರೆ ಅದೇನು ಮುಂದೆ ಬಂದಿರೋದು, ಬೆನ್ನಾ?

ಅವನು ಹೋದ. ಗೋಡೆಯ ಸಣ್ಣ ಪರದೆಯ ಮುಂದೆ ಇಬ್ಬರು ಹೆಂಗಸರು ಪಕ್ಕಪಕ್ಕ ನಿಂತರು. ಪರದೆಯಲ್ಲಿ ಲೋಪೆತಿ ಕಾಣಿಸಿಕೊಂಡ. ಯಾರೂ ತೀರಿಕೊಂಡಿಲ್ಲವೆಂದ, ಲೂಸೆಯಾನೆ ಅತ್ತೆ ಕಲ್ಲುಗುಂಡಿನಂತಿದ್ದಾರೆಂದ. ಅಲ್ಲಿಗೆ ಮುಗಿಸಬೇಕಿತ್ತು. ಆದರೆ ಚಾಪೆಯ ವಿಷಯ ಎತ್ತಿದ. ನೇಯ್ದವಳ ಬೆರಳು, ಅವಳ ಮೂಗು, ಅವಳ ಬೈಗುಳ, ಅವಳು ಕೊಟ್ಟ ಗೆಡ್ಡೆ. ಆರು ಗಂಟೆ ಹೊಡೆಯಿತು. ವಾರ್ತೆ ಓದುವವಳು ಕಾಗದ ಹಿಡಿದು ಅವನ ಹಿಂದೆ ಬಂದು ನಿಂತರೂ ಅವನು ನಿಲ್ಲಿಸಲಿಲ್ಲ.

ತೆಲೇಸಿಯಾ: ಅಮ್ಮಾ... ಹಾಗಾದ್ರೆ ನೀವು ಒಪ್ಪಿದ್ರಾ?

ಅತ್ತೆ: ನಾನು ಏನೂ ಹೇಳಿಲ್ಲ. ಒಂದು ಕೇಳ್ತೀನಿ. ನಾಳೆ ನಾನು ನಿಜವಾಗಿ ಹೋದಾಗ ಇವನಿಗೆ ಸಾವಿನ ಚಾಪೆ ನೇಯೋರು ಯಾರು?

ತೆಲೇಸಿಯಾ: ಮನೆ ಸೊಸೆ ತಾನೇ ನೇಯ್ಬೇಕು ಅಮ್ಮ.

ಅತ್ತೆ: ಹೂಂ. ನೇಯ್ತೀಯ?

ತೆಲೇಸಿಯಾಳ ಕಣ್ಣು ತುಂಬಿತು. ಈ ಸಲ ಬಣ್ಣದ ವಾಸನೆ ಇರಲಿಲ್ಲ.

ತೆಲೇಸಿಯಾ: ನೇಯ್ತೀನಿ.

ಅತ್ತೆ: ಎಷ್ಟು ದೊಡ್ಡದು?

ತೆಲೇಸಿಯಾ: ಎದೆವರೆಗೆ.

ಅತ್ತೆ: ಸಾಲ್ದು.

ತೆಲೇಸಿಯಾ: ಕತ್ತಿನವರೆಗೆ?

ಪರದೆಯಲ್ಲಿ ಲೋಪೆತಿ, ವಾರ್ತೆಯವಳ ಕೈಯನ್ನು ಪಕ್ಕಕ್ಕೆ ಸರಿಸಿ, ‘ಇನ್ನೊಂದೇ ಒಂದು ಮಾತು’ ಎಂದ.

ಅತ್ತೆ: ಬಾಯಿವರೆಗೂ ನೇಯಮ್ಮ. ಅವತ್ತೊಂದು ದಿನವಾದ್ರೂ ನನಗೆ ನೆಮ್ಮದಿ ಸಿಗ್ಲಿ.