ಜಲಪಾತದ ಚಿತ್ರದಲ್ಲಿ ನನ್ನ ಛತ್ರಿ

ನನಗೊಂದು ದುರ್ಗುಣವಿದೆ. ಯಾರಾದರೂ ಚೂರು ಅಧಿಕಾರ ಕೊಟ್ಟರೆ ಸಾಕು, ನನ್ನ ಎದೆ ತಾನಾಗಿ ಉಬ್ಬುತ್ತದೆ. ಗೋಕಾಕದ ಸಾಲಿ ಮಾಸ್ತರನಿಗೆ ಅಧಿಕಾರ ಸಿಗುವುದೇ ಅಪರೂಪ. ಹಾಗಾಗಿ ಮುಂಬಯಿಯವರು ಜಲಪಾತದ ಹಕ್ಕಿಗಳ ಮೇಲೆ ಚಿತ್ರ ತೆಗೆಯಲು ಬಂದು, "ನಮಗೆ ನಿಸರ್ಗ ಬೇಕು, ಮನುಷ್ಯರು ಬೇಡ. ಜನರನ್ನು ದೂರ ಇಡುವುದು ನಿಮ್ಮ ಕೆಲಸ" ಎಂದಾಗ ನಾನು ಹಿಗ್ಗಿಹೋದೆ. ಹೆಂಡತಿ ಮಾತ್ರ, "ಹಾಲಿಗೆ ಬಾಯಿ ಹಾಕೂ ಬೆಕ್ಕು ಓಡಸಾಕ ಆಗಂಗಿಲ್ಲ ನಿಮಗ, ಅಲ್ಲಿ ಮಂದೀನ ಓಡಸ್ತೀರೇನ್ರಿ?" ಎಂದಳು. ನಾನು ಛತ್ರಿ ಹಿಡಿದು ಹೊರಟೆ.

ಎರಡು ದಿನ ಅಲೆದರೂ ಅವರಿಗೆ ಹಕ್ಕಿಗೂಡು ಸಿಗಲಿಲ್ಲ. ತೋರಿಸಿದವಳು ಯಲ್ಲವ್ವ. ಊರ ಹೊರಗಿನ ಕೇರಿಯವಳು, ಆ ಬಂಡೆಗಳ ನಡುವೆ ದಿನಾ ಹುಲ್ಲು ಕೊಯ್ಯುವವಳು. ಯಾವ ಸಂದಿನಲ್ಲಿ ಕಾಡುಪಾರಿವಾಳ ಮೊಟ್ಟೆ ಇಟ್ಟಿದೆ, ಯಾವ ಬಂಡೆ ಜಾರುತ್ತದೆ, ಎಲ್ಲ ಅವಳಿಗೆ ಗೊತ್ತು. "ಮಾಸ್ತರ್ರ, ನಾನೂ ಚಿತ್ರದಾಗ ಬರ್ತೇನೇನ್ರಿ? ಮೂಡಲಗ್ಯಾಗ ನಮ್ಮವ್ವ ಅದಾಳ್ರಿ, ನೋಡಿದ್ರ ಭಾಳ ಖುಷಿ ಆಗ್ತಾಳ" ಎಂದಳು. ಮನುಷ್ಯರು ಬೇಡವೆಂದು ಗೊತ್ತಿದ್ದೂ ದೊಡ್ಡಸ್ತಿಕೆಗೆ, "ಬರ್ತೀಯ ತಗೋ, ನಾ ಅದೀನಲ್ಲ" ಎಂದುಬಿಟ್ಟೆ.

ಮರುದಿನ ಯಲ್ಲವ್ವ ಮದುವೆಯ ಸೀರೆ ಉಟ್ಟು ಬಂದು ಗೂಡಿನ ಬಳಿ ನಿಂತಳು. ಕ್ಯಾಮೆರಾ ತಿರುಗತೊಡಗಿತು. ಮುಂಬಯಿಯವರು ನನ್ನತ್ತ ಕಣ್ಣು ಕೆಂಪಗೆ ಮಾಡಿದರು. ನಾನು ಛತ್ರಿ ಬೀಸುತ್ತ ಓಡಿದೆ, "ಸರಿ, ಬಾಜೂಕ ಸರಿ!" ಅವಳು ಸೆರಗು ಎಳೆದುಕೊಂಡು ಪಕ್ಕಕ್ಕೆ ಸರಿದಳು.

ಕೆಲವು ತಿಂಗಳ ಮೇಲೆ ಆ ಚಿತ್ರವನ್ನು ಮೂಡಲಗಿಯ ಸಾಲಿಯಲ್ಲಿ, ಕಿಟಕಿಗಳಿಗೆ ಕಂಬಳಿ ಹೊದಿಸಿ ತೋರಿಸಿದರು. ನಾನೂ ಹೋಗಿದ್ದೆ. ಯಲ್ಲವ್ವನ ತಾಯಿ ಮಗಳು ಚಿತ್ರದಲ್ಲಿದ್ದಾಳೆಂದು ಕೇರಿಗೆಲ್ಲ ಸಾರಿ, ಅವಳ ಕೈ ಹಿಡಿದು ಬಂದಿದ್ದಳು. ನೀರು ಬಂತು, ಬಂಡೆ ಬಂತು, ಹಕ್ಕಿ ಬಂತು. ಕೊನೆಗೆ ಪರದೆಯ ಮೂಲೆಯಲ್ಲಿ ಒಂದು ಕರಿ ಛತ್ರಿ ಬೀಸಿ ಮಾಯವಾಯಿತು. ಹುಡುಗರು "ಹೋ!" ಎಂದು ನಕ್ಕರು. ನಾನು ನೆಲ ನೋಡಿದೆ.

"ಎಲ್ಲಿ ಅದೀಯೇ ನೀನು?" ಎಂದು ಮುದುಕಿ ಕೇಳಿದಳು. ಯಲ್ಲವ್ವ ನನ್ನ ಕಡೆ ನೋಡಲಿಲ್ಲ. "ಆ ಛತ್ರಿ ಬಂತಲ್ಲ ಯವ್ವಾ, ಅದರ ಬಾಜೂಕ ಅದೀನಿ. ನಿನಗ ಕಾಣಲಿಲ್ಲೇನು?" ಎಂದಳು. ಮುದುಕಿ, "ಹೌದೌದು, ಕಂಡಿ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ಕೈಯಲ್ಲಿದ್ದ ಛತ್ರಿಯನ್ನು ಬೆನ್ನ ಹಿಂದೆ ಸರಿಸಿದೆ.

ಹೊರಡುವಾಗ ಹುಕ್ಕೇರಿಯಿಂದ ಬಂದಿದ್ದ ಶಿಕ್ಷಣ ಇಲಾಖೆಯ ಸಾಹೇಬರು ಒಂದು ಅಚ್ಚಿನ ಕಾಗದ ಕೈಗಿತ್ತರು. ಚಿತ್ರದ ಬಗ್ಗೆ ಮಾಸ್ತರರ ಅಭಿಪ್ರಾಯ ಬೇಕಂತೆ. "ಈ ಸೀಮೆಯ ಎಲ್ಲ ಬಗೆಯ ಜನರಿಗೂ ಚಿತ್ರದಲ್ಲಿ ಸ್ಥಾನ ಸಿಕ್ಕಿದೆಯೇ? ಇಲ್ಲವಾದರೆ ಕಾರಣವೇನು?"

'ಇಲ್ಲ' ಎಂದು ಬರೆದೆ. 'ಕಾರಣ' ಎಂದಿದ್ದ ಕಡೆ ನನ್ನ ಪೂರ್ತಿ ಹೆಸರು ಬರೆದೆ. ಸಾಹೇಬರು ಕನ್ನಡಕ ಸರಿಪಡಿಸಿಕೊಂಡು, "ಏನ್ರಿ ಮಾಸ್ತರ್, ಸಹಿ ಮಾಡೂ ಜಾಗಾ ಕೆಳಗ ಐತಿ" ಎಂದು ಕಾಗದ ಮರಳಿಸಿದರು.

ಹೌದಲ್ಲ ಎಂದು, ಅಲ್ಲಿಯೂ ಅದನ್ನೇ ಬರೆದುಕೊಟ್ಟೆ.